ಕೊಲೋನ್: ಬೇಗ ಆರುವುದೇ ಅದರ ಗುಣ

ನಿಂಬೆ, ಕಿತ್ತಳೆಯ ತಾಜಾ ಪರಿಮಳಕ್ಕೆ ಮನಸೋತು ಕೊಂಡ ಸುಗಂಧದ್ರವ್ಯ ಒಂದೆರಡು ಗಂಟೆಯಲ್ಲೇ ಮಾಯವಾದರೆ, ಸರಕು ನಕಲಿ ಎಂದು ಶಂಕಿಸುವವರುಂಟು. ಹಾಗೆ ಆರುವುದು ಕೊಲೋನ್‌ನ ಸಹಜ ಗುಣ.

ಇಟಲಿ ಮೂಲದ ಜೊಹಾನ್ ಮರಿಯಾ ಫರೀನಾ 18ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಕೊಲೋನ್ ನಗರದಲ್ಲಿ ಇದನ್ನು ತಯಾರಿಸಿ, ಊರಿನ ಹೆಸರನ್ನೇ ಇಟ್ಟರು. ನಿಂಬೆ ಜಾತಿಯ ಬೆರ್ಗಮಾಟ್ ಹಣ್ಣಿನ ಸಿಪ್ಪೆಯ ಎಣ್ಣೆ, ಕಿತ್ತಳೆ ಹೂವು, ಲ್ಯಾವೆಂಡರ್ ಹಾಗೂ ರೋಸ್‌ಮೇರಿ ಈ ಬಗೆಯ ಸುಗಂಧದ ಜೀವಾಳ. ಸಿಪ್ಪೆಯ ಎಣ್ಣೆಗಳು ಬಹುಬೇಗ ಆವಿಯಾಗುತ್ತವೆ. ಮೇಲಾಗಿ ಕೊಲೋನ್‌ನಲ್ಲಿ ಸುಗಂಧ ತೈಲದ ಪ್ರಮಾಣ ಸಾಮಾನ್ಯವಾಗಿ ಶೇ. 2ರಿಂದ 5 ಮಾತ್ರ. ಉಳಿದದ್ದು ಬಹುಪಾಲು ಆಲ್ಕೋಹಾಲ್ ಮತ್ತು ನೀರು.

ಆಯ್ಕೆ ಹೇಗೆ?
ಮೊದಲ ವಾಸನೆಗೇ ಮರುಳಾಗದಿರಿ. ಮಣಿಕಟ್ಟಿಗೆ ಸಿಂಪಡಿಸಿ, ಉಜ್ಜದೆ ಅರ್ಧ ಗಂಟೆ ಕಾಯಿರಿ. ಹುಳಿಗಂಪು ಹಾರಿದ ಬಳಿಕ ಉಳಿಯುವ ಪರಿಮಳ ಹಿಡಿಸಿದರೆ ಮಾತ್ರ ಕೊಳ್ಳಿ. ಹೆಚ್ಚು ಹೊತ್ತು ಬಾಳಬೇಕೆಂದರೆ ಲಾವಂಚ ಅಥವಾ ಶ್ರೀಗಂಧ ಬೆರೆತದ್ದನ್ನು ಆರಿಸಿ.

ಬಳಕೆ ಹೇಗೆ?
ಸ್ನಾನದ ನಂತರ ಮೈ ಒರೆಸಿಕೊಂಡು ಹಿತಮಿತವಾಗಿ ಹಚ್ಚಿ. ಚಿಕ್ಕ ಬಾಟಲಿ ಜೊತೆಗಿದ್ದರೆ ಮಧ್ಯಾಹ್ನ ಮತ್ತೊಮ್ಮೆ ಸಿಂಪಡಿಸಬಹುದು. ಒಂದು ಎಚ್ಚರಿಕೆ ಅಗತ್ಯ. ಬೆರ್ಗಮಾಟ್ ಎಣ್ಣೆಯಲ್ಲಿರುವ ಬೆರ್ಗಾಪ್ಟೆನ್ ಬಿಸಿಲಿನೊಡನೆ ಸೇರಿದರೆ ಚರ್ಮ ಉರಿದು ಕಪ್ಪು ಕಲೆ ಉಳಿಯಬಹುದು. ಈ ಅಂಶವನ್ನು ತೆಗೆದ ಎಣ್ಣೆಯೂ ಈಗ ಬಳಕೆಯಲ್ಲಿದೆ. ಆದರೂ ಬಿಸಿಲಿಗೆ ಹೊರಡುವಾಗ ಕುತ್ತಿಗೆಗೆ ಹಚ್ಚದೆ ಉಡುಪಿನ ಒಳಮಗ್ಗುಲಿಗೆ ಸಿಂಪಡಿಸುವುದು ಲೇಸು. ಬಾಟಲಿಯನ್ನು ಬೆಳಕು, ಶಾಖ ಮತ್ತು ಬೆಂಕಿಯಿಂದ ದೂರವಿಡಿ.