ಕಲಿತ ಕೈಗೆ ಕೆಲಸ

ನಮ್ಮ ಮನೆಯ ಹಳೆಯ ಮೇಜಿನ ಖಾನೆಯಲ್ಲಿ ತಾತನವರ ಕಾಲದ ಒಂದು ಪಾರ್ಕರ್ ಪೆನ್ನಿದೆ. ಅಮೆರಿಕದಲ್ಲಿ ತಯಾರಾದುದೆಂದು ಹೇಳುವ ಸಣ್ಣ ಅಕ್ಷರಗಳು, ಕಣ್ಣಿಟ್ಟು ನೋಡಿದರೆ, ಅದರ ಮೈಮೇಲೆ ಇಂದಿಗೂ ಕಾಣುತ್ತವೆ. ಮದುವೆಯ ಉಡುಗೊರೆಯಾಗಿಯೋ ಪರೀಕ್ಷೆ ಪಾಸಾದುದಕ್ಕೆ ಬಹುಮಾನವಾಗಿಯೋ ಪಾರ್ಕರ್ ಪೆನ್ನು ದೊರೆತರೆ, ಅದನ್ನು ನಾಲ್ಕು ಜನರಿಗೆ ಕಾಣುವಂತೆ ಜೇಬಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಕಾಲವೊಂದಿತ್ತು. ಆ ಪೆನ್ನಿನ ತೌರೂರು ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ರಾಕ್ ನದಿಯ ದಡದ ಮೇಲಿರುವ ಜೇನ್ಸ್‌ವಿಲ್. ಅಲ್ಲಿ ತಂತಿ ಕಳುಹಿಸುವ ವಿದ್ಯೆಯನ್ನು ಕಲಿಸುವ ಒಂದು ಶಾಲೆಯಿತ್ತು. ಅಲ್ಲಿ ಜಾರ್ಜ್ ಪಾರ್ಕರ್ ಎಂಬ ತರುಣ ಉಪಾಧ್ಯಾಯನಿದ್ದ. ಸಂಬಳ ಸಾಲದೆ ಅವನು ತನ್ನ ವಿದ್ಯಾರ್ಥಿಗಳಿಗೆ ಪೆನ್ನುಗಳನ್ನು ಮಾರುತ್ತಿದ್ದ. ಅವು ಸೋರತೊಡಗಿದಾಗ ತಾನೇ ಕುಳಿತು ರಿಪೇರಿ ಮಾಡಿಕೊಡುತ್ತಿದ್ದ. ಹೀಗೆ ರಿಪೇರಿ ಮಾಡುತ್ತ ಮಾಡುತ್ತ ಸೋರದ ಪೆನ್ನನ್ನು ಮಾಡುವ ಹಟ ಹಿಡಿದು 1888ರಲ್ಲಿ ತನ್ನ ಕಂಪೆನಿಯನ್ನು ಕಟ್ಟಿದ. ಕಸುಬು ಕಲಿಸುವ ಶಾಲೆಯೊಂದರ ಮೇಜಿನ ಮೇಲೆ ಒಂದು ದೊಡ್ಡ ಕೈಗಾರಿಕೆ ಹುಟ್ಟಿತೆಂಬುದು ಸ್ವಾರಸ್ಯದ ಸಂಗತಿ. ಅದೇ ಊರಿನಲ್ಲಿ ನೂರಿಪ್ಪತ್ತು ವರ್ಷಗಳ ಮೇಲೆ ಅದೇ ಬಗೆಯ ಶಿಕ್ಷಣ ಕಠಿಣವಾದ ಪರೀಕ್ಷೆಗೊಳಗಾಯಿತು. ಆ ಕಥೆಯನ್ನು ಹೇಳುವುದೇ ಈ ಲೇಖನದ ಉದ್ದೇಶ.

ಕಸುಬಿನ ಶಿಕ್ಷಣಕ್ಕೆ ಸರಕಾರವೇ ಹೊಣೆಯಾಗಬೇಕೆಂಬ ವಿಚಾರ ವಿಸ್ಕಾನ್ಸಿನ್ನಿಗೆ ಹೊಸದಲ್ಲ. 1911ರಲ್ಲಿ ಆ ಸಂಸ್ಥಾನ ಎರಡು ಕೆಲಸಗಳನ್ನು ಒಟ್ಟಿಗೆ ಮಾಡಿತು. ಮೊದಲನೆಯದು, ಐದು ಸಾವಿರಕ್ಕೆ ಮೀರಿದ ಜನಸಂಖ್ಯೆಯ ಊರುಗಳಲ್ಲಿ ಕೈಗಾರಿಕಾ ಶಿಕ್ಷಣದ ಶಾಲೆಗಳಿರಬೇಕೆಂದು ಶಾಸನ ಮಾಡಿದ್ದು. ಕಾರ್ಖಾನೆಗೆ ಹೋಗುವ ಹುಡುಗರನ್ನು ವಾರಕ್ಕೆ ಐದು ಗಂಟೆ ಪಾಠಕ್ಕೆ ಬಿಡಲೇಬೇಕೆಂದು ಮಾಲೀಕರಿಗೆ ಕಟ್ಟುಮಾಡಿತು. ಇದರ ಹಿಂದೆ ಚಾರ್ಲ್ಸ್ ಮೆಕಾರ್ಥಿ ಎಂಬ ವಿದ್ವಾಂಸನಿದ್ದ. ಜರ್ಮನಿಯ ಕಸುಬು ಶಾಲೆಗಳನ್ನು ಕಣ್ಣಾರೆ ಕಂಡು ಬಂದವನು. ಎರಡನೆಯದು, ಕೈಗಾರಿಕಾ ಆಯೋಗವೊಂದನ್ನು ನೇಮಿಸಿ, ಕಸುಬು ಕಲಿಯುವವರ ಕರಾರುಗಳನ್ನೂ ಕೆಲಸ ಕೊಡಿಸುವ ಸರಕಾರಿ ಕಚೇರಿಗಳನ್ನೂ ಅದರ ಕೈಗೆ ಒಪ್ಪಿಸಿದ್ದು. ಅರ್ಥಶಾಸ್ತ್ರದ ಪ್ರಾಧ್ಯಾಪಕ ಜಾನ್ ಕಾಮನ್ಸ್ ಆ ಆಯೋಗದ ಸದಸ್ಯನಾಗಿದ್ದ. ಕಲಿಸುವವರ ಬಾಗಿಲು ಒಂದು, ಕೆಲಸ ಹುಡುಕಿಕೊಡುವವರ ಬಾಗಿಲು ಇನ್ನೊಂದು. ಇವೆರಡರ ನಡುವೆ ಓಡಾಟ ಇರಬೇಕು ಎಂಬ ತಿಳಿವಳಿಕೆ ಆಗಲೇ ಮೂಡಿತ್ತು.

ಇದಕ್ಕೆ ಹತ್ತು ವರ್ಷ ಮೊದಲು, 1901ರಲ್ಲಿ, ನೆರೆಯ ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಎಂಬ ಊರಿನ ಹೈಸ್ಕೂಲಿನಲ್ಲಿ ಆರು ಮಂದಿ ವಿದ್ಯಾರ್ಥಿಗಳಿಂದ ಒಂದು ಕಿರಿಯ ಕಾಲೇಜು ಆರಂಭವಾಗಿತ್ತು. ಅಮೆರಿಕದ ಸಮುದಾಯ ಕಾಲೇಜುಗಳ ವಂಶ ಬೆಳೆದುದು ಅಲ್ಲಿಂದ. ವಿಶ್ವವಿದ್ಯಾಲಯದ ಮೊದಲೆರಡು ವರ್ಷಗಳ ಪಾಠವನ್ನು ಊರಲ್ಲೇ, ಕಡಿಮೆ ಖರ್ಚಿನಲ್ಲಿ ಹೇಳಿಕೊಡುವುದು ಅದರ ಮೊದಲ ಗುರಿ. ಕಸುಬಿನ ಪಾಠ ನಂತರ ಬಂದು ಸೇರಿಕೊಂಡಿತು. ಎರಡನೆಯ ಮಹಾಯುದ್ಧ ಅದಕ್ಕೆ ರೆಕ್ಕೆ ಕಟ್ಟಿತು. ಯುದ್ಧದಿಂದ ಹಿಂದಿರುಗುವ ಸೈನಿಕರ ಓದಿನ ಖರ್ಚನ್ನು ಸರಕಾರವೇ ವಹಿಸಿಕೊಳ್ಳುವ ಶಾಸನ 1944ರಲ್ಲಿ ಬಂದಾಗ ಸುಮಾರು 78 ಲಕ್ಷ ಮಂದಿ ಅದರ ಪ್ರಯೋಜನ ಪಡೆದರು. ಅವರಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಸುಮಾರು 22 ಲಕ್ಷ. ಮಿಕ್ಕವರೆಲ್ಲ ಕಸುಬನ್ನೋ ಬೇಸಾಯವನ್ನೋ ಬೇರೊಂದು ಬಗೆಯ ತರಬೇತಿಯನ್ನೋ ಆರಿಸಿಕೊಂಡವರು. 1947ರಲ್ಲಿ ಅಧ್ಯಕ್ಷ ಟ್ರೂಮನ್ನರ ಆಯೋಗ ಈ ಕಾಲೇಜುಗಳನ್ನು ದೇಶದಾದ್ಯಂತ ಹರಡಬೇಕೆಂದು ಸಲಹೆ ಮಾಡಿ, ‘ಸಮುದಾಯ ಕಾಲೇಜು’ ಎಂಬ ಹೆಸರನ್ನು ಬಳಕೆಗೆ ತಂದಿತು.

ಕಾಲೇಜೂ ಉದ್ಯೋಗ ಕಚೇರಿಯೂ ರಾಷ್ಟ್ರದ ಮಟ್ಟದಲ್ಲಿ ಕೈಹಿಡಿದದ್ದು 1962ರಲ್ಲಿ. ಯಂತ್ರಗಳು ತಾವೇ ನಡೆಯುವ ಕಾಲ ಬಂದು, ಕೈಕೆಲಸದವರು ಬೀದಿಗೆ ಬೀಳುವರೆಂಬ ಭಯ ಆಗ ದೇಶವನ್ನೆಲ್ಲ ಆವರಿಸಿತ್ತು. ಅಧ್ಯಕ್ಷ ಕೆನೆಡಿಯವರು ಸಹಿ ಮಾಡಿದ ಶಾಸನದಂತೆ, ಯಾವ ಕಸುಬಿಗೆ ಬೇಡಿಕೆಯಿದೆ, ಯಾರನ್ನು ಆರಿಸಬೇಕು ಎಂಬುದನ್ನು ಕಾರ್ಮಿಕ ಇಲಾಖೆ ನೋಡಿಕೊಳ್ಳಬೇಕು. ಕಲಿಸುವ ಏರ್ಪಾಡನ್ನು ಶಿಕ್ಷಣದ ಇಲಾಖೆ ಮಾಡಬೇಕು. ಆಮೇಲೆ 1973, 1982, 1998, 2014 — ಹೀಗೆ ನಾಲ್ಕು ಬಾರಿ ಶಾಸನದ ಹೆಸರು ಬದಲಾಯಿತು, ಅಧಿಕಾರ ಕೈಯಿಂದ ಕೈಗೆ ಹೋಯಿತು. ಆದರೆ ಬುನಾದಿಯ ನಂಬಿಕೆ ಮಾತ್ರ ಕದಲಲಿಲ್ಲ: ಕೆಲಸ ಕಳೆದುಕೊಂಡವನಿಗೆ ಹೊಸ ವಿದ್ಯೆ ಕಲಿಸಿದರೆ ಹೊಸ ಕೆಲಸ ಸಿಗುತ್ತದೆ. ಕೆಂಪು ಪಕ್ಷದವರೂ ನೀಲಿ ಪಕ್ಷದವರೂ ಜಗಳವಾಡದೆ ಒಪ್ಪುತ್ತಿದ್ದ ಕೆಲವೇ ಮಾತುಗಳಲ್ಲಿ ಇದೊಂದು.

ಈಗ ಜೇನ್ಸ್‌ವಿಲ್ಲಿಗೆ ಹಿಂದಿರುಗೋಣ. 1919ರಿಂದ ಆ ಊರಿಗೆ ಪೆನ್ನಿನ ಕಂಪೆನಿಯ ಜೊತೆಗೆ ಇನ್ನೊಂದು ಆಧಾರವಿತ್ತು: ಜನರಲ್ ಮೋಟಾರ್ಸ್ ಕಾರ್ಖಾನೆ. ಮೊದಲು ಟ್ರ್ಯಾಕ್ಟರು, 1923ರಿಂದ ಷೆವ್ರೊಲೆ ಕಾರು. ಅಜ್ಜ, ತಂದೆ, ಮಗ ಒಂದೇ ಗೇಟಿನೊಳಗೆ ಹೋಗಿಬಂದ ಮನೆತನಗಳು ಅಲ್ಲಿ ಎಷ್ಟೋ ಇದ್ದವು. ಕಡೆಗಾಲದಲ್ಲಿ ಗಂಟೆಗೆ 28 ಡಾಲರು ಕೂಲಿ. ಹೈಸ್ಕೂಲು ಮುಗಿಸಿದವನಿಗೆ ಸ್ವಂತ ಮನೆ, ಮಕ್ಕಳ ಓದು, ನಿವೃತ್ತಿವೇತನ ಎಲ್ಲವೂ ಅದರಿಂದಲೇ ನಡೆಯುತ್ತಿತ್ತು. ಪೆಟ್ರೋಲಿನ ಬೆಲೆ ಏರಿ, ದೊಡ್ಡ ವಾಹನಗಳನ್ನು ಕೊಳ್ಳುವವರಿಲ್ಲದೆ, ಹಣಕಾಸಿನ ಮುಗ್ಗಟ್ಟು ಕವಿದಾಗ 2008ರ ಡಿಸೆಂಬರ್ 23ರಂದು, ಕ್ರಿಸ್‌ಮಸ್ಸಿಗೆ ಎರಡೇ ದಿನ ಮುಂಚೆ, ಅಂಥ ಕೊನೆಯ ವಾಹನ ಹೊರಬಂದಿತು. ಕಾರುಗಳಿಗೆ ಆಸನ ಮಾಡಿಕೊಡುತ್ತಿದ್ದ ಕಾರ್ಖಾನೆಯೂ ಅದರ ಹಿಂದೆಯೇ ಮುಚ್ಚಿತು. ಅಲ್ಲಿ ಉಳಿದಿದ್ದ ಪೆನ್ನಿನ ಅಲ್ಪಸ್ವಲ್ಪ ಕೆಲಸವೂ 2010ರ ಹೊತ್ತಿಗೆ ಊರು ಬಿಟ್ಟಿತು.

ಕೆಲಸ ಹೋದವರು ಸಾಲುಗಟ್ಟಿದ್ದು ಸರಕಾರಿ ಉದ್ಯೋಗ ಕೇಂದ್ರದ ಮುಂದೆ. ಅದಿದ್ದುದು ಹಿಂದೆ ಕೆಮಾರ್ಟ್ ಎಂಬ ದೊಡ್ಡ ಅಂಗಡಿಯಿದ್ದ ಕಟ್ಟಡದಲ್ಲಿ. ಅಲ್ಲಿಂದ ಅವರನ್ನು ಬ್ಲ್ಯಾಕ್‌ಹಾಕ್ ಟೆಕ್ನಿಕಲ್ ಕಾಲೇಜಿಗೆ ಕಳುಹಿಸುತ್ತಿದ್ದರು. ಓದಿನ ಖರ್ಚಿಗೆ ಸರಕಾರದ ನೆರವಿತ್ತು. ಬಹಳ ಜನ ಸೇರಿದರು. ಕಾಲೇಜು ಹೊಸ ತರಗತಿಗಳನ್ನು ತೆರೆಯಿತು. ಎದುರಿಗೆ ಕುಳಿತವರು ನಲವತ್ತು ಐವತ್ತು ವಯಸ್ಸಿನವರು. ಇಪ್ಪತ್ತು ಮೂವತ್ತು ವರ್ಷಗಳಿಂದ ಪುಸ್ತಕ ಮುಟ್ಟದವರು. ಕೆಲವರಿಗೆ ಕಂಪ್ಯೂಟರಿನ ಗುಂಡಿ ಎಲ್ಲಿದೆಯೆಂಬುದೇ ತಿಳಿಯದು. ಪ್ರಬಂಧವನ್ನು ಕೈಯಲ್ಲಿ ಬರೆದುಕೊಡುವಂತಿಲ್ಲ, ಟೈಪು ಮಾಡಿಯೇ ಕೊಡಬೇಕೆಂದು ತಿಳಿದ ದಿನವೇ ಕಾಲೇಜು ಬಿಟ್ಟವರೂ ಉಂಟು. ಇಡೀ ಕಾರನ್ನು ಜೋಡಿಸಿದ ಕೈ ಒಂದು ಹಾಳೆಯ ಮುಂದೆ ಸೋತಿತು! ಪಾಠ ಹೇಳುವ ವೃತ್ತಿಯವನಾದ ನನಗೆ ಇದನ್ನು ಓದಿದಾಗ ಎದೆ ಹಿಂಡಿದಂತಾಯಿತು. ಆದರೂ ಕಷ್ಟಪಟ್ಟು, ಅಡಿಗೆಮನೆಯ ಮೇಜಿನ ಮೇಲೆ ಮಕ್ಕಳ ಪಕ್ಕದಲ್ಲೇ ಕುಳಿತು ಓದಿ, ಪದವಿಪತ್ರ ಪಡೆದವರಿಗೆ ಕೊರತೆಯಿರಲಿಲ್ಲ.

ಫಲವೇನಾಯಿತು? ವಾಷಿಂಗ್‌ಟನ್ ಪೋಸ್ಟ್ ಪತ್ರಿಕೆಯ ಏಮಿ ಗೋಲ್ಡ್‌ಸ್ಟೀನ್ ಎಂಬ ಲೇಖಕಿ ವರ್ಷಗಟ್ಟಲೆ ಆ ಊರನ್ನು ಗಮನಿಸಿ 2017ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅರ್ಥಶಾಸ್ತ್ರಜ್ಞರ ಸಹಾಯದಿಂದ ಅವರು ಲೆಕ್ಕ ಹಾಕಿ ನೋಡಿದಾಗ ಯಾರೂ ನಿರೀಕ್ಷಿಸದ ಸಂಗತಿ ಹೊರಬಿದ್ದಿತು. ಕಾಲೇಜಿಗೆ ಹೋಗಿ ಕಲಿತು ಬಂದವರಿಗಿಂತ, ಹೋಗದೇ ಇದ್ದವರಿಗೇ ಹೆಚ್ಚಾಗಿ ಕೆಲಸ ಸಿಕ್ಕಿತ್ತು. ಸಂಪಾದನೆಯೂ ಅವರದೇ ಹೆಚ್ಚು. ಕಲಿಕೆಯೇ ಹಾನಿ ಮಾಡಿತೆಂದು ಇದರ ಅರ್ಥವಲ್ಲ. ಇದ್ದ ನಾಲ್ಕು ಕೆಲಸಗಳನ್ನು ಮೊದಲು ಬಾಗಿಲು ತಟ್ಟಿದವರು ಹಿಡಿದುಕೊಂಡರು. ಎರಡು ವರ್ಷ ಓದಿ ಹೊರಬಂದವರಿಗೆ ಊರು ಬರಿದಾಗಿತ್ತು. ಮತ್ತೆ ಕೆಲವರು ಹಳೆಯ ಕೂಲಿಯನ್ನು ಬಿಡಲಾರದೆ ನಾನೂರು ಕಿಲೋಮೀಟರಿಗೂ ದೂರದ ಫೋರ್ಟ್ ವೇಯ್ನ್‌ನ ಕಾರ್ಖಾನೆಗೆ ಹೋಗಿ, ವಾರವೆಲ್ಲ ಅಲ್ಲಿದ್ದು, ರಜೆಯ ದಿನಗಳಲ್ಲಿ ಮನೆಗೆ ಬರುತ್ತಿದ್ದರು. ಇನ್ನೊಂದು ಮಾತೂ ಉಂಟು. ಕಂಪೆನಿ ಆ ಕಾರ್ಖಾನೆಯನ್ನು 2015ರವರೆಗೆ ಮುಚ್ಚಿತೆಂದು ಹೇಳದೆ, ಬೇಕಾದರೆ ತೆರೆಯಬಹುದೆಂಬಂತೆ ಕಾಯ್ದಿರಿಸಿತ್ತು. ನಾಳೆ ಗೇಟು ತೆರೆದೀತೆಂದು ನಂಬಿದವನಿಗೆ ಇಂದಿನ ಪಾಠದಲ್ಲಿ ಮನಸ್ಸು ನಿಲ್ಲುವುದು ಹೇಗೆ?

ಇದಕ್ಕೆ ಎದುರಾದ ಉದಾಹರಣೆಯೂ ಆ ದೇಶದಲ್ಲೇ ಇದೆ. ದಕ್ಷಿಣ ಕೆರೋಲಿನಾದಲ್ಲಿ 1961ರಲ್ಲಿ ಗವರ್ನರ್ ಹಾಲಿಂಗ್ಸ್ ತಾಂತ್ರಿಕ ಶಿಕ್ಷಣ ಕೇಂದ್ರಗಳ ಯೋಜನೆಯನ್ನು ಆರಂಭಿಸಿದರು. ಅಲ್ಲಿ ಕ್ರಮ ತಿರುಗುಮುರುಗು: ಮೊದಲು ಕಾರ್ಖಾನೆಯನ್ನು ಕರೆತರುವುದು, ಅದಕ್ಕೆ ಬೇಕಾದ ಕಸುಬನ್ನು ಕೇಳಿ ತಿಳಿಯುವುದು, ಬಾಗಿಲು ತೆರೆಯುವ ಮುನ್ನವೇ ಸಂಸ್ಥಾನದ ಖರ್ಚಿನಲ್ಲಿ ಜನರನ್ನು ತಯಾರು ಮಾಡುವುದು. 1992ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪೆನಿ ಆ ಸಂಸ್ಥಾನದ ಸ್ಪಾರ್ಟನ್‌ಬರ್ಗ್ ಸೀಮೆಯನ್ನು ಆರಿಸಿಕೊಳ್ಳಲು ಇದ್ದ ಆಕರ್ಷಣೆಗಳಲ್ಲಿ ಈ ಏರ್ಪಾಡೂ ಒಂದು. ಕಲಿತವನಿಗೆ ಕೆಲಸ ಅಲ್ಲಿ ಕಾದಿತ್ತು. ಆದರೆ ಇದರಲ್ಲಿಯೂ ಪ್ರಶ್ನೆಯಿಲ್ಲದಿಲ್ಲ. ಲಾಭ ಮಾಡುವ ಕಂಪೆನಿಗೆ ಬೇಕಾದ ತರಬೇತಿಯ ಖರ್ಚನ್ನು ಸಾರ್ವಜನಿಕರ ತೆರಿಗೆ ಹೊರಬೇಕೇ? ಒಂದೇ ಕಾರ್ಖಾನೆಗೆ ಹೇಳಿ ಮಾಡಿಸಿದ ಕಸುಬು ಆ ಕಾರ್ಖಾನೆ ಮುಚ್ಚಿದ ದಿನ ಏನಾದೀತು? ಜೇನ್ಸ್‌ವಿಲ್ಲಿನವರೂ ಒಂದು ಕಾಲಕ್ಕೆ ತಮ್ಮ ಗೇಟು ಶಾಶ್ವತವೆಂದೇ ನಂಬಿದ್ದರಲ್ಲವೇ?

‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ನಮ್ಮ ಹಿರಿಯರು ಹೇಳಿದರು. ಕೈ ಕೆಸರು ಮಾಡಿಕೊಳ್ಳಲು ಗದ್ದೆಯೊಂದಿರಬೇಕೆಂಬುದನ್ನು ಅವರು ಬಿಡಿಸಿ ಹೇಳಲಿಲ್ಲ. ಹೇಳಬೇಕಾದ ಅಗತ್ಯ ಅವರಿಗೆ ತೋರಿರಲಾರದು. ಇಂದು ಅದನ್ನು ಹೇಳಬೇಕಾಗಿದೆ. ಕಾಲೇಜು ವಿದ್ಯೆಯನ್ನು ಕೊಡಬಲ್ಲದು. ಉದ್ಯೋಗ ಕಚೇರಿ ದಾರಿಯನ್ನು ತೋರಬಲ್ಲದು. ಇಬ್ಬರೂ ಕೂಡಿದರೂ ಇಲ್ಲದ ಕೆಲಸವನ್ನು ಹುಟ್ಟಿಸಲಾರರು. ಮೂರನೆಯ ಬಾಗಿಲು ಮುಚ್ಚಿರುವಾಗ ‘ಕಲಿತರೆ ಎಲ್ಲ ಸರಿಹೋಗುತ್ತದೆ’ ಎಂದು ಹೇಳುವುದು, ಸೋಲಿನ ಹೊಣೆಯನ್ನೆಲ್ಲ ಕಲಿಯಲು ಬಂದವನ ತಲೆಗೇ ಕಟ್ಟಿದಂತೆ. ಐವತ್ತನೆಯ ವಯಸ್ಸಿನಲ್ಲಿ ಬೆಂಚಿನ ಮೇಲೆ ಬಂದು ಕುಳಿತವನಿಗೆ ನಾವು ಸಲ್ಲಿಸಬಹುದಾದ ಮೊದಲ ಮರ್ಯಾದೆಯೆಂದರೆ ನಿಜವನ್ನು ಹೇಳುವುದು: ಈ ವಿದ್ಯೆಗೆ ಈ ಊರಿನಲ್ಲಿ ಎಷ್ಟು ಕೆಲಸಗಳಿವೆ, ಕೂಲಿ ಎಷ್ಟು, ಕಾಯಬೇಕಾದದ್ದು ಎಷ್ಟು ದಿನ ಎಂದು. 1911ರಲ್ಲಿ ಆ ಎರಡು ಬಾಗಿಲುಗಳನ್ನು ತೆರೆದವರು ಬಯಸಿದ್ದುದೂ ಅಂಥ ಓಡಾಟವನ್ನೇ ಇರಬೇಕು.

ತಾತನವರ ಪೆನ್ನಿಗೆ ಮೊನ್ನೆ ಶಾಯಿ ತುಂಬಿ ನೋಡಿದೆ. ಇನ್ನೂ ಬರೆಯುತ್ತದೆ. ಒಂದು ತೊಟ್ಟೂ ಸೋರಲಿಲ್ಲ. ಅದನ್ನು ಜೋಡಿಸಿದ ಕೈಗಳು ಕಸುಬನ್ನು ಚೆನ್ನಾಗಿ ಕಲಿತಿದ್ದವು.