ಅಳಿಸಿಹೋದ ಕಡತಗಳ ಮರುಗಳಿಕೆ

ಕಂಪ್ಯೂಟರ್ ಬಳಕೆದಾರರು ಕೈತಪ್ಪಿಯೋ ತಿಳಿಯದೆಯೋ ಅಳಿಸಿದ ಬರೆಹ, ಚಿತ್ರ, ಲೆಕ್ಕಪತ್ರ ಮೊದಲಾದ ಕಡತಗಳನ್ನು, ಅವು ಇದ್ದ ಹಾರ್ಡ್ ಡಿಸ್ಕ್, ಪೆನ್ ಡ್ರೈವ್ ಅಥವಾ ಮೆಮೊರಿ ಕಾರ್ಡಿನಿಂದ ಮತ್ತೆ ಹೊರತೆಗೆಯುವ ಕ್ರಮಕ್ಕೆ ಮರುಗಳಿಕೆ ಎಂದು ಹೆಸರು. ಡಿಲೀಟ್ ಒತ್ತಿದ ಕ್ಷಣದಲ್ಲೇ ಕಡತ ನಾಶವಾಯಿತೆಂದು ಹೊಸಬರು ಗಾಬರಿಗೊಳ್ಳುವುದುಂಟು. ಆದರೆ ಅಳಿಸುವಿಕೆಯಿಂದ ಆಗುವ ನಷ್ಟಕ್ಕಿಂತ ಆ ಗಾಬರಿಯಲ್ಲಿ ಮಾಡುವ ಕೆಲಸಗಳಿಂದ ಆಗುವ ನಷ್ಟವೇ ಅನೇಕ ಸಲ ದೊಡ್ಡದು.

ಡಿಸ್ಕಿನಲ್ಲಿ ಕಡತದ ತಿರುಳು ಒಂದೆಡೆ ಇದ್ದರೆ, ಅದರ ಹೆಸರು, ಗಾತ್ರ ಮತ್ತು ಇರುವ ಜಾಗವನ್ನು ಹೇಳುವ ನಮೂದು ಇನ್ನೊಂದೆಡೆ ಇರುತ್ತದೆ. ಈ ನಮೂದುಗಳನ್ನು ಇಟ್ಟು ನಡೆಸುವ ಏರ್ಪಾಡನ್ನು ಕಡತ ವ್ಯವಸ್ಥೆ ಎನ್ನುತ್ತಾರೆ. ಕಡತವನ್ನು ಅಳಿಸಿದಾಗ ಸಾಮಾನ್ಯವಾಗಿ ಬದಲಾಗುವುದು ನಮೂದು ಮಾತ್ರ. ಪಹಣಿಯಿಂದ ಹೆಸರು ತೆಗೆದುಹಾಕಿದ ಮಾತ್ರಕ್ಕೆ ಹೊಲದ ಪೈರು ಮಾಯವಾಗದೆ, ಹೊಸ ಹಿಡುವಳಿದಾರ ಬಂದು ಉಳುವವರೆಗೂ ಹೇಗೆ ನಿಂತಿರುತ್ತದೆಯೋ ಹಾಗೆ, ಬೇರೊಂದು ಕಡತ ಬಂದು ಅದೇ ಜಾಗವನ್ನು ತುಂಬುವವರೆಗೆ ಹಳೆಯ ಕಡತದ ತಿರುಳು ಅಲ್ಲೇ ಉಳಿದಿರುತ್ತದೆ. ಪೆನ್ ಡ್ರೈವ್‌ಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಫ್ಯಾಟ್ ವ್ಯವಸ್ಥೆಯಲ್ಲಿ, ಅಳಿಸಿದ ಕಡತದ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಗುರುತಿನ ಸಂಕೇತವೊಂದು ಬಂದು ಕೂರುತ್ತದೆ. 1991ರ ಎಂಎಸ್-ಡಾಸ್ 5.0ರಲ್ಲಿ ಬಂದ ಅನ್‌ಡಿಲೀಟ್ ಆದೇಶವು ಬಳಕೆದಾರರಿಂದ ಆ ಮೊದಲ ಅಕ್ಷರವನ್ನು ಕೇಳುತ್ತಿದ್ದುದು ಇದೇ ಕಾರಣಕ್ಕೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ವ್ಯವಸ್ಥೆಯಲ್ಲಿಯೂ ಕಡತದ ದಾಖಲೆಗೆ 'ಬಳಕೆಯಲ್ಲಿಲ್ಲ' ಎಂಬ ಗುರುತು ಬೀಳುತ್ತದೆಯೇ ಹೊರತು ತಿರುಳು ಕೂಡಲೇ ಅಳಿಯುವುದಿಲ್ಲ.

ವಿಂಡೋಸ್ 95ರಿಂದ ಬಂದ ರೀಸೈಕಲ್ ಬಿನ್, ಅಂದರೆ ತೆಗೆದುಹಾಕಿದ ಕಡತಗಳನ್ನು ಕೆಲಕಾಲ ಕಾದಿಡುವ ಬುಟ್ಟಿ, ಹೊಸಬರು ಮೊದಲು ನೋಡಬೇಕಾದ ಜಾಗ. ಅಲ್ಲಿ ಕಡತದ ಮೇಲೆ ಬಲಗುಂಡಿ ಒತ್ತಿ ರಿಸ್ಟೋರ್ ಆರಿಸಿದರೆ ಅದು ಮೊದಲಿದ್ದ ಫೋಲ್ಡರಿಗೇ ಮರಳುತ್ತದೆ. ಆದರೆ ಶಿಫ್ಟ್ ಕೀಲಿಯನ್ನು ಹಿಡಿದು ಡಿಲೀಟ್ ಒತ್ತಿದಾಗ ಕಡತ ಬುಟ್ಟಿಗೆ ಬೀಳುವುದಿಲ್ಲ, ಪೆನ್ ಡ್ರೈವಿನಿಂದ ಅಳಿಸಿದ್ದೂ ಸಾಮಾನ್ಯವಾಗಿ ಬೀಳುವುದಿಲ್ಲ. ಬುಟ್ಟಿಗೆ ನಿಗದಿಯಾದ ಗಾತ್ರ ತುಂಬಿದರೆ ಅದರಲ್ಲಿನ ಹಳೆಯ ಕಡತಗಳು ತಾವಾಗಿ ಹೊರಬೀಳುತ್ತವೆ. ಗೂಗಲ್ ಡ್ರೈವ್‌ನಂಥ ಅಂತರಜಾಲ ಸಂಗ್ರಹಗಳಿಗೂ ಇಂಥದೇ ಬುಟ್ಟಿಯುಂಟು, ಗೂಗಲ್ ಡ್ರೈವ್‌ನ ಬುಟ್ಟಿಯಲ್ಲಿ ಕಡತ 30 ದಿನ ಉಳಿಯುತ್ತದೆ.

ಬುಟ್ಟಿಯಲ್ಲಿಯೂ ಕಾಣದಿದ್ದಾಗ ಮಾಡಬೇಕಾದ ಮೊದಲ ಕೆಲಸವೆಂದರೆ ಆ ಡಿಸ್ಕಿಗೆ ಹೊಸದಾಗಿ ಏನನ್ನೂ ಬರೆಯದಿರುವುದು. ಮೆಮೊರಿ ಕಾರ್ಡಾದರೆ ಅದನ್ನು ಫೋನಿನಿಂದಲೋ ಕ್ಯಾಮೆರಾದಿಂದಲೋ ತೆಗೆದಿಡಬೇಕು, ಏಕೆಂದರೆ ಮುಂದೆ ತೆಗೆಯುವ ಒಂದೊಂದು ಚಿತ್ರವೂ ಹಳೆಯದರ ಜಾಗವನ್ನು ನುಂಗಬಹುದು. ಕಳೆದ ಕಡತ ಇದ್ದ ಡಿಸ್ಕಿಗೇ ಮರುಗಳಿಕೆಯ ತಂತ್ರಾಂಶವನ್ನು ಇಳಿಸಿಕೊಂಡು, ಸಿಕ್ಕಿದ್ದನ್ನೂ ಅಲ್ಲಿಯೇ ಉಳಿಸುವುದು ಹೊಸಬರು ಪದೇಪದೇ ಮಾಡುವ ತಪ್ಪು. ಹುಡುಕುತ್ತಿರುವ ಕಡತವನ್ನು ಹುಡುಕುವ ಸಾಧನವೇ ಅಳಿಸಿಬಿಡುವ ಸಾಧ್ಯತೆ ಇದರಲ್ಲಿದೆ. ಆದ್ದರಿಂದ ತಂತ್ರಾಂಶ ಒಂದು ಡಿಸ್ಕಿನಲ್ಲಿದ್ದು, ಅದು ಇನ್ನೊಂದು ಡಿಸ್ಕನ್ನು ಹುಡುಕಿ, ಸಿಕ್ಕಿದ್ದನ್ನು ಹುಡುಕದ ಡಿಸ್ಕಿನಲ್ಲಿ ಇಡುವಂತಿರಬೇಕು. ಡಿಸ್ಕಿನಿಂದ ಟಕಟಕ ಸದ್ದು ಬರುತ್ತಿದ್ದರೆ ಅದು ಯಂತ್ರಭಾಗದ ದೋಷವಾದ್ದರಿಂದ, ವಿದ್ಯುತ್ತನ್ನು ಆರಿಸಿ ಪರಿಣತರಿಗೆ ಒಪ್ಪಿಸುವುದೇ ಸರಿ.

ಇಂಥ ತಂತ್ರಾಂಶಗಳು ಎರಡು ಬಗೆಯಲ್ಲಿ ಕೆಲಸಮಾಡುತ್ತವೆ. ರೆಕುವಾದಂಥವು ಅಳಿದ ನಮೂದುಗಳನ್ನು ಓದಿ ಕಡತವನ್ನು ಅದರ ಹೆಸರಿನೊಂದಿಗೆ ಮರಳಿಸಲು ನೋಡುತ್ತವೆ. ಕ್ರಿಸ್ಟೋಫ್ ಗ್ರೆನಿಯೇ ರೂಪಿಸಿದ, ಉಚಿತವಾಗಿ ಸಿಗುವ ಫೋಟೊರೆಕ್ ನಮೂದುಗಳನ್ನು ನೆಚ್ಚದೆ ಡಿಸ್ಕನ್ನೇ ಶೋಧಿಸಿ, ಜೆಪೆಗ್ ಚಿತ್ರವೋ ವರ್ಡ್ ಬರೆಹವೋ ಆರಂಭವಾಗುವ ನಿರ್ದಿಷ್ಟ ಗುರುತುಗಳಿಂದ ಕಡತವನ್ನು ಪತ್ತೆಮಾಡುತ್ತದೆ. ಇದರಲ್ಲಿ ಹಳೆಯ ಹೆಸರುಗಳು ಉಳಿಯುವುದಿಲ್ಲ, ಡಿಸ್ಕಿನ ಬೇರೆ ಬೇರೆ ಕಡೆ ಚೂರಾಗಿ ಹರಡಿದ್ದ ಕಡತ ಇಡಿಯಾಗಿ ಸಿಗದಿರುವುದೂ ಉಂಟು.

ಇವೆಲ್ಲಕ್ಕೂ ದೊಡ್ಡ ಮಿತಿಯನ್ನು ತಂದದ್ದು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಮಾಹಿತಿಯನ್ನು ಇಡುವ ಡ್ರೈವ್. ವಿಂಡೋಸ್ 7ರಿಂದ ಈಚೆಗೆ, ಕಡತ ಅಳಿದ ಕೂಡಲೇ 'ಈ ಜಾಗ ಇನ್ನು ಬೇಡ' ಎಂದು ಡ್ರೈವಿಗೆ ತಿಳಿಸುವ ಟ್ರಿಮ್ ಎಂಬ ಆದೇಶ ಹೋಗುತ್ತದೆ. ಆಮೇಲೆ ಡ್ರೈವ್ ಆ ಜಾಗವನ್ನು ತಾನೇ ಖಾಲಿಮಾಡಿಕೊಳ್ಳುವುದರಿಂದ ತಂತ್ರಾಂಶಕ್ಕೆ ಹುಡುಕಲು ಏನೂ ಉಳಿದಿರುವುದಿಲ್ಲ. ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿಯೇ ಸಾಮಾನ್ಯವಾಗಿರುವ ಕಾರಣ, ಮುಖ್ಯ ಕಡತಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಡುವುದಕ್ಕೆ ಸಮನಾದ ಉಪಾಯ ಬೇರಿಲ್ಲ.

ಕನ್ನಡ ಬಳಕೆದಾರರು ತಿಳಿದಿರಬೇಕಾದ ಸಂಗತಿ ಮತ್ತೊಂದಿದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತಕ್ರಮವಾದ ಯೂನಿಕೋಡ್ ರೂಢಿಗೆ ಬರುವ ಮುನ್ನ, ನುಡಿ ಮತ್ತು ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಕತೆ, ಪ್ರಬಂಧ, ಕಚೇರಿಯ ಪತ್ರಗಳನ್ನು ಮರಳಿ ಪಡೆದು, ಆ ಅಕ್ಷರವಿನ್ಯಾಸವಿಲ್ಲದ ಬೇರೊಂದು ಕಂಪ್ಯೂಟರಿನಲ್ಲಿ ತೆರೆದಾಗ, ಪುಟದ ತುಂಬ ರೋಮನ್ ಅಕ್ಷರಗಳೂ ಪೌಂಡ್ ಚಿಹ್ನೆಯಂಥ ಗುರುತುಗಳೂ ಕಾಣುತ್ತವೆ. ಕಡತ ಕೆಟ್ಟಿದೆಯೆಂದು ತಿಳಿದು ಅದನ್ನು ಎರಡನೆಯ ಸಲ ಅಳಿಸಬಾರದು. ಸರಿಯಾದ ಅಕ್ಷರವಿನ್ಯಾಸವನ್ನು ಹಾಕಿದರೆ ಅಥವಾ ಯೂನಿಕೋಡ್ ಪರಿವರ್ತಕದಲ್ಲಿ ಹಾಯಿಸಿದರೆ ಕನ್ನಡ ಓದಲು ಸಿಗುತ್ತದೆ.