ಕಲ್ಲಿನಲ್ಲಿ ಬರೆದ ಸಂಘ: ಹಿಂದೂಪುರ ಸೀಮೆಯ ಜೈನ ಶಾಸನಗಳು

ಬೆಂಗಳೂರಿನಿಂದ ಹೈದರಾಬಾದಿಗೆ ಸಾಗುವ ಹೆದ್ದಾರಿಯು ಬಾಗೇಪಲ್ಲಿಯನ್ನು ದಾಟಿ ಆಂಧ್ರಪ್ರದೇಶವನ್ನು ಹೊಕ್ಕ ಬಳಿಕ ಸಿಗುವ ಊರು ಕೊಡಿಕೊಂಡ. ಅಲ್ಲಿಂದ ಪಶ್ಚಿಮಕ್ಕೆ ಹೊರಳಿದರೆ ಲೇಪಾಕ್ಷಿ, ಹಿಂದೂಪುರ, ಮಡಕಶಿರಾ, ಅಮರಾಪುರ, ಉತ್ತರಕ್ಕೆ ಪೆನುಗೊಂಡೆ. ರಾಜ್ಯದ ಗಡಿ ಬೇರೆಯಾದರೂ ಈ ಸೀಮೆಯ ಅನೇಕ ಶಿಲಾಶಾಸನಗಳ ಭಾಷೆ ಕನ್ನಡವೇ. ಒಬ್ಬ ವ್ಯಕ್ತಿ ಒಂದು ಧರ್ಮಕ್ಕೆ ಸೇರಿದವನೆಂದರೆ ಅಂದು ಏನರ್ಥವಿತ್ತು ಎಂಬುದನ್ನು ಅವು ತಿಳಿಸುತ್ತವೆ.

ಧರ್ಮಾನುಯಾಯಿಗಳನ್ನು ಎಣಿಸುವ ಕ್ರಮ ಎಲ್ಲೆಡೆ ಒಂದೇ ಅಲ್ಲ. ಭಾರತದ ಜನಗಣತಿಯು ಮನೆಮನೆಗೆ ಹೋಗಿ ಪ್ರತಿಯೊಬ್ಬರ ಧರ್ಮವನ್ನು ಕೇಳಿ ಬರೆದುಕೊಳ್ಳುತ್ತದೆ. ಅಮೆರಿಕದಲ್ಲಾದರೋ 1906ರಿಂದ 1936ರವರೆಗೆ ಹತ್ತು ವರ್ಷಕ್ಕೊಮ್ಮೆ ಜನಗಣತಿ ಇಲಾಖೆಯು ಚರ್ಚುಗಳಿಂದಲೇ ಸದಸ್ಯರ ಲೆಕ್ಕವನ್ನು ತರಿಸಿಕೊಳ್ಳುತ್ತಿತ್ತು. ಒಂದು ಕಡೆ ವ್ಯಕ್ತಿಯ ಹೇಳಿಕೆ, ಇನ್ನೊಂದು ಕಡೆ ಸಂಸ್ಥೆಯ ಪುಸ್ತಕ. ನಮ್ಮ ಶಾಸನಗಳ ರೀತಿ ಎರಡನೆಯದಕ್ಕೆ ಹತ್ತಿರವಾದುದು.

ಮಧ್ಯಯುಗದ ಶಾಸನಗಳು ಒಬ್ಬನನ್ನು ಬರಿದೇ ‘ಜೈನ’ ಎಂದು ಕರೆದು ಸುಮ್ಮನಾಗುವುದಿಲ್ಲ. ಗುರು ಯಾರು, ಆತನ ಸಂಘ, ಗಣ, ಗಚ್ಛ, ಅನ್ವಯಗಳು ಯಾವುವು ಎಂಬುದನ್ನು ಕ್ರಮವಾಗಿ ಹೇಳುತ್ತವೆ. ಗುರುವಿಗೆ ನಡೆದುಕೊಳ್ಳುವ ಗೃಹಸ್ಥನಿಗೆ ‘ಗುಡ್ಡ’ ಎಂಬ ಹೆಸರು, ಹೆಣ್ಣಾದರೆ ‘ಗುಡ್ಡಿ’.

ಇದಕ್ಕೆ ಅಮರಾಪುರದ 1278ರ ಶಾಸನವು ಒಳ್ಳೆಯ ನಿದರ್ಶನ. ನಿಡುಗಲ್ಲಿನ ಅರಸ ಇರುಂಗೋಳನ ಕಾಲದಲ್ಲಿ ಮಲ್ಲಿಸೆಟ್ಟಿಯೆಂಬವನು ತಮ್ಮಡಹಳ್ಳಿಯ 2000 ಅಡಕೆಮರಗಳ ಆದಾಯವನ್ನು ತೈಲಂಗೆರೆಯ ಬ್ರಹ್ಮಜಿನಾಲಯದ ಪ್ರಸನ್ನ ಪಾರ್ಶ್ವದೇವನಿಗೆ ಬಿಟ್ಟನು. ಬಸದಿಯನ್ನು ತಳಹದಿಯಿಂದ ಕಲಶದವರೆಗೆ ಕಲ್ಲಿನಲ್ಲಿ ಕಟ್ಟುವುದು ಉದ್ದೇಶ. ಮಲ್ಲಿಸೆಟ್ಟಿ ಬಾಲೇಂದು ಮಲಧಾರಿದೇವರ ಗುಡ್ಡ; ಗುರುಗಳು ಮೂಲಸಂಘ, ದೇಶಿಯ ಗಣ, ಪುಸ್ತಕ ಗಚ್ಛ, ಕೊಂಡಕುಂದಾನ್ವಯಕ್ಕೆ ಸೇರಿದವರು. ಅದೇ ಶಾಸನದಲ್ಲಿ ಪಾಂಡ್ಯನಾಡಿನ ಚೆಲ್ಲಪಿಳ್ಳೆಯೆಂಬ ಜೈನ ಬ್ರಾಹ್ಮಣನ ಹೆಸರೂ ಬರುತ್ತದೆ. ಸಂಘಕ್ಕೆ ಸೇರಲು ಭಾಷೆಯ ಗಡಿ ಅಡ್ಡಿಯಾಗಿರಲಿಲ್ಲ.

ಅಮರಾಪುರದಲ್ಲಿಯೇ ಮೂಲಸಂಘದ ಸೇನಗಣಕ್ಕೆ ಸೇರಿದ ಭಾವಸೇನ ತ್ರೈವಿದ್ಯರ ನಿಸಿಧಿಗಲ್ಲು ದೊರೆತಿದೆ. ಇವರು ‘ವಿಶ್ವತತ್ತ್ವಪ್ರಕಾಶ’ವನ್ನು ರಚಿಸಿದ ತಾರ್ಕಿಕರು. ಹೀಗೆ ಎರಡು ಗಣಗಳ ಗುರುತು ಒಂದೇ ಊರಿನಲ್ಲಿ ಉಳಿದಿದೆ. ಇನ್ನು ಕೊಂಡಕುಂದಾನ್ವಯಕ್ಕೆ ಹೆಸರು ಕೊಟ್ಟ ಊರು ಇದೇ ಅನಂತಪುರ ಪ್ರಾಂತದ ಕೊನಕೊಂಡ್ಲವೆಂದು ಪಿ. ಬಿ. ದೇಸಾಯಿ ಮೊದಲಾದ ವಿದ್ವಾಂಸರು ಗುರುತಿಸಿದ್ದಾರೆ. ಕನ್ನಡನಾಡಿನ ಉದ್ದಗಲಕ್ಕೂ ಶಾಸನಗಳಲ್ಲಿ ಮೊಳಗಿದ ಹೆಸರಿಗೆ ಇಲ್ಲಿನ ಒಂದು ಹಳ್ಳಿ ಮೂಲ!

ಸದಸ್ಯತ್ವವೆಂದರೆ ಹೊಣೆ ಎಂಬುದು 1368ರ ಶ್ರವಣಬೆಳಗೊಳದ ಶಾಸನದಿಂದ ಸ್ಪಷ್ಟವಾಗುತ್ತದೆ. ಶ್ರೀವೈಷ್ಣವರೊಂದಿಗೆ ಉಂಟಾದ ವಿವಾದದಲ್ಲಿ ನ್ಯಾಯ ಬೇಡಿ ಬುಕ್ಕರಾಯನಲ್ಲಿ ಮೊರೆಯಿಟ್ಟ ಜೈನರಲ್ಲಿ ಪೆನುಗೊಂಡೆಯವರೂ ಇದ್ದರು. ಅರಸನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ ಒಡಂಬಡಿಕೆ ಮಾಡಿಸಿದನು. ಬೆಳಗೊಳದ ದೇವರ ಕಾವಲಿಗೆ ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಬೇಕೆಂದೂ, ಉಳಿದುದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಹಚ್ಚಿಸಬೇಕೆಂದೂ ಕಟ್ಟಳೆಯಾಯಿತು. ಹಣವನ್ನು ಎತ್ತಿ ಕಾವಲಿಡುವ ಭಾರ ವಹಿಸಿದವನು ತಿರುಮಲೆಯ ತಾತಯ್ಯ! ಒಬ್ಬರ ದೇವರನ್ನು ಕಾಯುವ ಹೊಣೆ ಇನ್ನೊಬ್ಬರ ಹೆಗಲೇರಿತು.

ಮಲ್ಲಿಸೆಟ್ಟಿಯ ಅಡಕೆತೋಟ ಇಂದಿಲ್ಲ. ಅವನ ಹೆಸರು ಉಳಿದಿರುವುದು ಕನ್ನಡ ಅಕ್ಷರಗಳಲ್ಲಿ ಮಾತ್ರ. ಆ ಅಕ್ಷರಗಳನ್ನು ಓದಬಲ್ಲವರು ಅದೇ ಸೀಮೆಯಲ್ಲಿ ವಿರಳವಾದರೆ ಕಲ್ಲು ಬರಿಯ ಕಲ್ಲಾಗುತ್ತದೆ. ನಾವೂ ‘ಸಂಘ’ವೆಂಬ ಆ ಹಳೆಯ ಮಾತನ್ನೇ ನಮ್ಮ ಕೂಟಕ್ಕೆ ಇಟ್ಟುಕೊಂಡಿದ್ದೇವೆ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಸದಸ್ಯತ್ವ ಪೂರ್ಣವಾಗದು. ಸಂಘಕ್ಕಾಗಿ ಏನನ್ನು ಬಿಟ್ಟುಕೊಟ್ಟೆವೆಂಬುದೇ ಅದರ ಅಳತೆಯೆಂದು ಅಮರಾಪುರದ ಶಾಸನ ಸಾರುತ್ತಿದೆ. ಗಡಿಯಾಚೆಯ ಶಾಸನಗಳನ್ನು ನಮ್ಮ ಮಕ್ಕಳಿಗೆ ತೋರಿಸಿ ಓದಿಸುವುದು ನಾವು ಸಲ್ಲಿಸಬಹುದಾದ ‘ಮನೆಗೊಂದು ಹಣ’ವಾಗಲಿ.